ಎರಡು ಮಿಲಿಮೀಟರ್ ಉಣ್ಣೆ

ಜರ್ಮನಿಯದು ಎಡಕ್ಕೆ, ಜಪಾನಿನದು ಬಲಕ್ಕೆ,
ನಡುವೆ ಆರಿಹೋದ ಚಹಾ.
ಎರಡರ ಬೆಲೆ ಕೂಡಿಸಿದರೆ
ಒಂದು ಹಳೆಯ ಸ್ಕೋಡಾ ಬರುತ್ತಿತ್ತು;
ಕಾರು ಯಾಕೆ, ಟ್ರಾಮ್ ಇದೆಯಲ್ಲ.

ಅದೇ ಚೆಲ್ಲೋ, ಅದೇ ಒಂದು ನಿಮಿಷ,
ಮೂವತ್ತೇಳನೆಯ ಸಲ.
ಬಲದ್ದರಲ್ಲಿ ತಂತಿ ಇದೆ, ಮರ ಇಲ್ಲ.
ಎಡದ್ದರಲ್ಲಿ ಮರ ಇದೆ,
ಥಂಡಿಗೆ ಉಬ್ಬಿದ ಬಾಗಿಲಿನಂತೆ ಕೊಂಚ ಬಿಗಿ.
ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನಬೇಡಿ.
ಒಲಿದವನಿಗೇ ಕಲ್ಲು ಸಿಗುವುದು ಹೆಚ್ಚು,
ಮೊಸರನ್ನು ಅಗಿದು ತಿನ್ನುವವನು ಅವನೊಬ್ಬನೇ.

ಆರು ಸಾವಿರ ಹರ್ಟ್ಸ್ ಹತ್ತಿರ ಜಪಾನಿನದಕ್ಕೊಂದು ಮುಳ್ಳು.
ಹಾಡುವವಳು ‘ಸ’ ಅಂದಾಗೆಲ್ಲ
ಕಿವಿಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗೆ.
ನಮ್ಮ ಪೋಲಿಷ್ ಭಾಷೆಯೋ, ಸ ಶ ಚ ಇಲ್ಲದೆ
ಒಂದು ಲೋಟ ನೀರೂ ಕೇಳಲಾಗದು.

ನಾಲ್ಕು ಸ್ಕ್ರೂ ಬಿಚ್ಚಿದೆ.
ಒಳಗೆ ಅಂಥದ್ದೇನಿಲ್ಲ:
ಈರುಳ್ಳಿ ಸಿಪ್ಪೆಯಂಥ ಪೊರೆ, ಕೂದಲೆಳೆಯ ಸುರುಳಿ,
ಒಂದು ಅಯಸ್ಕಾಂತ,
ಮತ್ತೆ ಬಹಳಷ್ಟು ಗಾಳಿ.
ಎರಡು ಚಳಿಗಾಲ ಉಳಿಸಿ ಕೊಂಡದ್ದು ಈ ಗಾಳಿಯನ್ನು.

ಹತ್ತಿ ತುರುಕಿದೆ: ಕಂಬಳಿ ಹೊದ್ದು ಹಾಡಿದಂತಾಯಿತು.
ಕಾಗದದ ಬಳೆ ಅಂಟಿಸಿದೆ: ಮುಳ್ಳು ಮುರಿಯಿತು, ಜೊತೆಗೆ ಹೂವೂ.
ಕುರಿಚರ್ಮದ ಮೆತ್ತೆ ತೆಗೆದು ಮಖಮಲ್ಲು ಹಾಕಿದರೆ
ತಗ್ಗಿನ ಸ್ವರಗಳು ಗಂಟುಮೂಟೆ ಕಟ್ಟಿ ಹೊರಟವು.
ಬೆಳ್ಳಿ ತಂತಿಯಿಂದ ಏನೂ ಆಗಲಿಲ್ಲ.
ಆಯಿತೆಂದು ಒಂದು ವಾರ ನಂಬಿದ್ದೆ.

ಉಣ್ಣೆ ತಂದವಳು ಕೆಳಮನೆಯ ಬೊಗುಮಿವಾ.
ವೂಚ್ ಪಟ್ಟಣದಲ್ಲಿ ಅವಳ ಗಿರಣಿ ಬಾಗಿಲು ಹಾಕಿದ ದಿನ
ಕೋಟಿನೊಳಗೆ ಸುತ್ತಿಕೊಂಡು ಬಂದ ತುಂಡಂತೆ, ಬೂದು ಬಣ್ಣದ್ದು.
“ಸಂಬಳದ ಬಾಕಿ,” ಎಂದು ನಕ್ಕಳು.
ಎರಡು ಮಿಲಿಮೀಟರ್ ದಪ್ಪ.
ಉಂಗುರ ಕತ್ತರಿಸಿದ್ದೂ ಅವಳೇ,
ನನ್ನ ಕೈ ನಡುಗುತ್ತದೆ.

ಕೂರಿಸಿ ಕೇಳಿದೆ.
ಮುಳ್ಳಿನ ತುದಿಯಷ್ಟೇ ಹೋಗಿತ್ತು.
ತಂತಿ ಇತ್ತು, ಮರ ಇತ್ತು,
ಬಿಲ್ಲು ತಾಕುವ ಮುಂಚಿನ ಆ ಚೂರು ಉಸಿರೂ.

ಅವಳಿಗೆ ತೊಡಿಸಿದೆ. ಉಂಗುರ ತೆಗೆದು ಮತ್ತೆ ತೊಡಿಸಿದೆ.
“ಎರಡೂ ಒಂದೇ.”
ಮತ್ತೊಮ್ಮೆ ಹಾಕಿ, ತೆಗೆದು, ಹಾಕಿ.
“ಒಂದೇ ಕಣಯ್ಯಾ.”
ಇಪ್ಪತ್ತಾರು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತವಳು.
ನಾನು ಅಳೆದಳೆದು ಮೊಂಡಾಗಿಸಿದ ಮುಳ್ಳನ್ನು
ಮಗ್ಗ ಎಂದೋ ಬುಡಸಮೇತ ಕಿತ್ತಿತ್ತು.
ನನ್ನ ಮಾತಿನ ಅರ್ಧ ಅಕ್ಷರಗಳನ್ನು
ಅವಳು ತುಟಿ ನೋಡಿ ಓದುತ್ತಿದ್ದಳಂತೆ.
ಹನ್ನೊಂದು ವರ್ಷ ಒಂದೇ ಮೆಟ್ಟಿಲು ಹತ್ತಿಳಿದಿದ್ದೇವೆ,
ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಮತ್ತೆ ನಾಲ್ಕು ಸ್ಕ್ರೂ.
ಉಣ್ಣೆ ತೆಗೆದೆ, ಕಂಪನಿಯವರು ಇಟ್ಟಿದ್ದ ಫೋಮನ್ನೂ ಕಿತ್ತೆ,
ಈಕ್ವಲೈಜರ್‌ನ ಮೇಲಿನ ಪಟ್ಟಿಗಳನ್ನು
ನಾಚಿಕೆ ಬಿಟ್ಟು ಏರಿಸಿದೆ.
ಕಿವಿಗಿಟ್ಟರೆ ನನ್ನ ಹಲ್ಲು ಜುಮ್ಮೆಂದವು,
ಈ ಸಲ ಕಡ್ಡಿಯಲ್ಲ, ಇಡೀ ಬೆಂಕಿಪೊಟ್ಟಣ.
ಇದನ್ನು ಬಲ್ಲವರಾರಾದರೂ ಕೇಳಿದರೆ
ನನ್ನ ಮಾನ ಉಳಿಯುವುದಿಲ್ಲ.

ಬೆಳಗ್ಗೆ ಅವಳು ಏಪ್ರನ್ನಿನಲ್ಲೇ ಬಂದು ಕೂತಳು,
ಮಡಿಲಲ್ಲಿ ಬೋಗುಣಿ, ಆಲೂಗಡ್ಡೆ ಹೆರೆಯುವ ಚಾಕು.
ಅದೇ ಚೆಲ್ಲೋ.
ನಲವತ್ತನೆಯ ಸೆಕೆಂಡಿಗೆ ಚಾಕು ನಿಂತಿತು.
“ಯಾರೋ ಹಾಳೆ ತಿರುವಿದರು,” ಅಂದಳು,
ಹೆಡ್‌ಫೋನ್ ಹಾಕಿಕೊಂಡವರ ಗಟ್ಟಿ ದನಿಯಲ್ಲಿ.

ಹಾಳೆಯೇ?
ಜರ್ಮನಿಯದನ್ನು ಎತ್ತಿ ಹಾಕಿಕೊಂಡೆ.
ಹೌದು, ಪಿಯಾನೋ ಕಡೆಯಿಂದ, ಸಣ್ಣಗೆ.
ಅಷ್ಟು ಸಲವೂ ಕೇಳಿಸಿತ್ತು.
ಅದನ್ನು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೆ:
ನಲವತ್ತನೆಯ ಸೆಕೆಂಡು, ಮೇಲಿನ ಸ್ವರಗಳ ವಿವರ ಉತ್ತಮ.

“ಇನ್ನೊಮ್ಮೆ ಹಾಕು,” ಅಂದಳು ಬೊಗುಮಿವಾ,
“ತಿರುವಿದವನ ಬೆರಳು ಒಣಗಿದೆ.”