ಮೂವತ್ತೇಳನೇ ಲೈನು

ಮಾರ್ಚಿನಲ್ಲಿ ಮನ್ವಿತನ ಹುಳುಕು ಹಲ್ಲು ಕೀಳಿಸಿದೆವು.
ಮಡಿಕೇರಿಯ ಡಾಕ್ಟರ ಮೇಜಿನ ಮೇಲೆ
ಗಾಜಿನ ಹಕ್ಕಿಯೊಂದು. ತಲೆಗೆ ಪುಟ್ಟ ಟೋಪಿ,
ಹೊಟ್ಟೆಯಲ್ಲಿ ಕೆಂಪು ನೀರು.
ಬಾಗಿ ಬಾಗಿ ಲೋಟಕ್ಕೆ ಕೊಕ್ಕದ್ದಿ
ಏನೋ ನೆನಪಾದವರ ಹಾಗೆ ತಟ್ಟನೆ ಏಳುವುದು,
ಮತ್ತೆ ಮರೆತು ಬಾಗುವುದು.
ಹುಡುಗ ಅಳಲಿಲ್ಲ. ಹತ್ತಿ ಕಚ್ಚಿಕೊಂಡೇ
ಬೆರಳು ತೋರಿಸಿದ.
ಕೊಡಿಸುತ್ತೇನೆ ಎಂದುಬಿಟ್ಟೆ.
ಅಜ್ಜಿಯರು ಇಂಥ ಮಾತನ್ನು ರೇಟು ಕೇಳದೆ ಆಡುತ್ತಾರೆ.

ಅದಕ್ಕೊಂದು ಹೆಸರಾದರೂ ಇದ್ದಿದ್ದರೆ!
ಶುಕ್ರವಾರದ ಸಂತೆಯಲ್ಲಿ ಸೊಂಟ ಬಗ್ಗಿಸಿ, ಎದ್ದು, ಬಗ್ಗಿಸಿ ತೋರಿಸಿದೆ;
ನೋವಿನ ಎಣ್ಣೆ ತೆಗೆದುಕೊಟ್ಟರು.
ಕುಶಾಲನಗರದಲ್ಲಿ ಕೀಲಿ ಕೊಟ್ಟರೆ ಕುಪ್ಪಳಿಸುವ ಕಪ್ಪೆ,
ರಾಜಾಸೀಟಿನ ಗೇಟಿನಲ್ಲಿ ಬೊಗಳುವ ನಾಯಿ.
ಗೋಣಿಕೊಪ್ಪದ ಫ್ಯಾನ್ಸಿ ಸ್ಟೋರಿನ ಉಮ್ಮರ್
‘ಕುಡಿಯುವವರು ಬೇಕಾದಷ್ಟಿದ್ದಾರಮ್ಮಾ,
ನೀರು ಕುಡಿಯುವವರೇ ಕಮ್ಮಿ’ ಎಂದ.
ಬಸ್ಸು ಹೆಂಗಸರಿಗೆ ಬಿಟ್ಟಿ,
ಮಂಡಿಗೆ ಮಾತ್ರ ಟಿಕೆಟು.

ಮತ್ತೆ ಅದೇ ಡಾಕ್ಟರು, ಈ ಸಲ ನನ್ನ ಹಲ್ಲು.
ಕಣ್ಣು ಮುಚ್ಚಿ ಕಾಯುತ್ತಿದ್ದೆ.
ಟಿಣ್.
ತುಸು ಬಿಟ್ಟು, ಟಿಣ್.
ಈ ಸದ್ದು ನನಗೆ ಗೊತ್ತು.

ಹದಿನಾರು ವರ್ಷ ಸಿದ್ದಾಪುರದ ಎಕ್ಸ್‌ಚೇಂಜಿನಲ್ಲಿ
ಕಿವಿಗೆ ಹೆಡ್‌ಫೋನು ಹಾಕಿ ಕೂತವಳು ನಾನು,
ಒಂದು ಸೀಮೆಯನ್ನೇ ಮುಖ ನೋಡದೆ ಬಲ್ಲವಳು.
ಮೂವತ್ತೇಳು: ಪಾಲಿಬೆಟ್ಟದ ಕಾಫಿತೋಟದ ಬಂಗಲೆ.
ಕೂನೂರಿಗೆ ಟ್ರಂಕ್ ಕಾಲ್, ದೊರೆಸಾನಿ ತಂಗಿಯೊಡನೆ ನಗುವಾಗ
ನಗೆಯ ಹಿಂದೆ ಈ ಟಿಣ್.
ದೋಷದ ಪುಸ್ತಕದಲ್ಲಿ ಬರೆದೆ.
ಲೈನ್‌ಮನ್ ಕುಂಞಿರಾಮ ಎರಡು ಸಲ ಕಂಬ ಹತ್ತಿದ,
ಬೈಯುತ್ತ ಇಳಿದ.
ಒಂದು ಮಾತ್ರ ಅರ್ಥವಾಗಿರಲಿಲ್ಲ:
ಮಳೆಗಾಲಕ್ಕೆ ಲೈನುಗಳೆಲ್ಲ ಕರಕರ ಎನ್ನುವಾಗ
ಮೂವತ್ತೇಳು ಶುದ್ಧ.

ಬಂಗಲೆ ಈಗ ಹೋಮ್‌ಸ್ಟೇ.
ಹಳೆಯ ರೈಟರ ಮಗ ಬಿದ್ದಪ್ಪ ಕಚೇರಿಯ ಕಪಾಟು ತೆರೆದ.
ಮಸ್ಟರ್ ರೋಲುಗಳ ಹಿಂದೆ, ಪೇಪರಿನಲ್ಲಿ ಸುತ್ತಿ,
ಇತ್ತು.
ಟೋಪಿ ಇಲ್ಲ, ಕೊಕ್ಕಿನ ಬಟ್ಟೆ ಇಲಿಯ ಪಾಲು.
ದುಡ್ಡು ಬೇಡ ಎಂದ, ಒಂದು ಪ್ರಶ್ನೆಗೆ ಉತ್ತರ ಸಾಕು:
‘ಆಗ ನೀವು ನಮ್ಮ ಮಾತೆಲ್ಲ ಕೇಳುತ್ತಿದ್ದಿರಾ?’
‘ಕೇಳುತ್ತಿದ್ದೆ. ಸಂಬಳ ಕೊಡುತ್ತಿದ್ದದ್ದು ಮರೆಯುವುದಕ್ಕೆ.’
ಅವನು ನಗಲಿಲ್ಲ.
ಅವನಪ್ಪ ರಾತ್ರಿ ಒಂಬತ್ತರ ನಂತರ ಕೇಳುತ್ತಿದ್ದ ನಂಬರು
ಈಗಲೂ ನನ್ನ ನಾಲಗೆಯ ತುದಿಯಲ್ಲಿದೆ.
ಅಲ್ಲೇ ಇರಲಿ.

ಕೋಳಿಮೊಟ್ಟೆಯ ಹಾಗೆ ಮಡಿಲಲ್ಲಿಟ್ಟು ತಂದೆ.
ಕೊಕ್ಕಿಗೆ ಹಳೆಯ ರವಿಕೆಯ ಮಕಮಲ್ಲು,
ಟೋಪಿಗೆ ಕೆಮ್ಮಿನ ಔಷಧಿಯ ಮುಚ್ಚಳ.
ಕಕ್ಕಡ ಹುಟ್ಟಿ ಎರಡನೇ ದಿನ.
ಲೋಟ ತುಂಬಿದೆವು, ಕೊಕ್ಕು ತೋಯಿಸಿದೆವು.
ಹಕ್ಕಿ ಸೂರು ನೋಡುತ್ತ ನಿಂತೇ ಇತ್ತು.
ಅಳಿಯ ಮೊಬೈಲು ತೀಡಿ ಹೇಳಿದ:
ಕೊಕ್ಕು ಒಣಗಿದರೆ ತಾನೆ ಇದಕ್ಕೆ ಬಾಯಾರಿಕೆ.
ಒಣಗುವುದೆ? ಈ ತಿಂಗಳಲ್ಲಿ?
ನನ್ನ ಒಳಲಂಗ ನಾಲ್ಕು ದಿನದಿಂದ
ಒಲೆಯ ಮೇಲಿನ ಹಗ್ಗದಲ್ಲಿ ತೂಗುತ್ತಿದೆ.

ಓ, ಕುಂಞಿರಾಮ, ಕಂಬದಲ್ಲೇನೂ ಇರಲಿಲ್ಲವೋ!

ಮನ್ವಿತ್ ಗಲ್ಲ ಊರಿ ಬಹಳ ಹೊತ್ತು ನೋಡಿದ.
ಅವನ ಶಾಲೆಗೂ ಅಂದು ಮಳೆಯ ರಜೆ ಘೋಷಿಸಿದ್ದರು.
‘ಇದಕ್ಕೂ ಕೊಟ್ಟಿದ್ದಾರೆ ಅಜ್ಜಿ’ ಎಂದು
ಆಡಲು ಹೋದ.

ಡಿಸೆಂಬರಿನ ಒಂದು ಇರುಳು.
ಕಣಗಳಲ್ಲಿ ಕಾಫಿ ಹರವಿದ್ದರು, ತುಟಿ ಒಡೆಯುವ ಗಾಳಿ.
ಮಲಗುವ ಮುನ್ನ ಲೋಟಕ್ಕೆ ನೀರು ತುಂಬಿದ್ದು ಯಾರೋ,
ನಾನಲ್ಲ.
ನಿದ್ದೆಯ ಆಳಕ್ಕೆ ಬಂತು: ಟಿಣ್.
ಕೈ ತಾನಾಗಿ ಕಿವಿಗೆ ಹೋಯಿತು,
ಬಾಯಿ ತಾನಾಗಿ ಕತ್ತಲಿಗೆ ಹೇಳಿತು:
ನಂಬರ್ ಪ್ಲೀಸ್.

ಕಾದೆ.

ಟಿಣ್.