ನೀರಗಂಟಿಯ ಬಾಯಿ

ವಾದ್ ಮದನಿಯ ಆಸ್ಪತ್ರೆ, ಹಿಂಬದಿಯ ಕೋಣೆ.
ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು ಈಗಷ್ಟೆ.
ಗಾಜಿನ ಪಟ್ಟಿಯ ಮೇಲೆ ಒಬ್ಬ ಮನುಷ್ಯನ ಒಸಡು,
ಕೂದಲಿಗಿಂತ ತೆಳ್ಳಗೆ ಕೊಯ್ದದ್ದು.
ಚೀಟಿಯಲ್ಲಿದೆ: ದಫಲ್ಲಾ, ಅರವತ್ತೊಂದು,
ಗೆಜೀರಾ ಕಾಲುವೆಯ ನೀರಗಂಟಿ.
ಕೆಳತುಟಿಯೊಳಗೆ ತೂಂಬಾಕಿನ ಉಂಡೆ, ನಲವತ್ತು ವರ್ಷ.

ನನ್ನ ಕೆಲಸ ಎಣಿಸುವುದು.
ಸಿಡಿ ಮೂವತ್ತನಾಲ್ಕು ಹಚ್ಚಿದರೆ ರಕ್ತನಾಳದ ಒಳಗೋಡೆ
ಕಾಫಿ ಚೆಲ್ಲಿದ ಹಾಗೆ ಕಂದಾಗುತ್ತದೆ,
ಹಳತು ಹೊಸತು ಎನ್ನದೆ.
ನೂರೈದು ಹಾಗಲ್ಲ, ಅದಕ್ಕೆ ಮೂಗು ಚುರುಕು;
ನಿನ್ನೆ ಮೊನ್ನೆ ತೋಡಿದ್ದನ್ನಷ್ಟೇ ಹಿಡಿಯುತ್ತದೆ.
ಕಿಕ್ಕಿರಿದ ಮೂರು ಜಾಗ ಹುಡುಕು, ಎಣಿಸು, ಸರಾಸರಿ ಬರೆ.
ಮೂವತ್ತೆಂಟು. ನಲವತ್ತೊಂದು.
ಮೂರನೆಯದರಲ್ಲಿ ಎಣಿಕೆ ತಪ್ಪಿತು,
ಯಾಕೆಂದರೆ ಅವನೇ ಬಂದು ಬಾಗಿಲಲ್ಲಿ ನಿಂತಿದ್ದ.

'ನನ್ನದನ್ನು ನನಗೆ ತೋರಿಸು, ಮಗಳೇ.'

ತೋರಿಸಬಾರದು. ತೋರಿಸಿದೆ.
ಜಲಾಬಿಯಾದ ತೋಳು ಮಡಚಿ, ಒಂದು ಕಣ್ಣು ಮುಚ್ಚಿ,
ತೂಬಿಗೆ ಬಗ್ಗುವ ಹಾಗೆ ಬಗ್ಗಿದ.
ಬಹಳ ಹೊತ್ತು ಮಾತಿಲ್ಲ.
ಆಮೇಲೆ ರೇಗಿದ:
'ಯಾವನು ತೋಡಿದ್ದು ಇದನ್ನ?
ವಾಟವಿಲ್ಲ, ಬದುವಿಲ್ಲ,
ಇಲ್ಲಿ ಸೊಟ್ಟ, ಅಲ್ಲಿ ಗಂಟು, ಎಲ್ಲ ಕಡೆ ಸೋರಿಕೆ.
ಈ ಕವಲು ನೋಡು, ಎಲ್ಲಿಗೂ ಹೋಗದೆ ಸತ್ತಿದೆ.
ಸೆನ್ನಾರಿನಿಂದ ಬಂದ ನೀರಿಗೆ ಗಂಟೆ ಲೆಕ್ಕ ಇಟ್ಟವನು ನಾನು.
ಇದು ಕಳ್ಳಗಾಲುವೆ.'

ಹೌದು ಎಂದೆ.
ಉಸಿರು ಸಿಗದ ಗಡ್ಡೆಯ ನಡುವಿನಿಂದ ಒಂದು ಕೂಗು ಹೊರಡುತ್ತದೆ,
ಅದಕ್ಕೊಂದು ಉದ್ದನೆಯ ಹೆಸರಿದೆ;
ಕೇಳಿಸಿಕೊಂಡ ನೆರೆಯ ನಾಳ ತನ್ನ ದಂಡೆ ತಾನೇ ಒಡೆದುಕೊಂಡು
ಆ ಕಡೆ ಹರಿಯುತ್ತದೆ.
'ಬಾಯಾರಿದವರು ಕೂಗಿದರೆ ನಾನೂ ಬಿಟ್ಟಿದ್ದೇನೆ, ರಾತ್ರಿ,' ಎಂದ
ಮೆತ್ತಗೆ. 'ತೂಬು ಎಲ್ಲಿ ಇದಕ್ಕೆ?'

ತೂಬಿನಂಥ ಔಷಧಿ ಇದೆಯಂತೆ,
ಬೇರೆ ಊರಲ್ಲಿ, ಬೇರೆ ಬೆಲೆಯಲ್ಲಿ, ಎಷ್ಟು ಮುಚ್ಚುತ್ತದೋ.
ನಾನು ಹೇಳಲಿಲ್ಲ.

ವೈರಾಣುವಿನ ಪರೀಕ್ಷೆ ಇನ್ನೂ ಬಾಕಿ ಇತ್ತು.
ಸಿತ್ತನಾ, ಅವನ ಹೆಂಡತಿ, ಅಂಗಳದ ಬೇವಿನ ಕೆಳಗೆ
ಅದು ಇರದಿರಲಿ ಎಂದು ಮಣಿ ತಿರುಗಿಸುತ್ತಿದ್ದಳು;
ಯಾರೋ ಹೇಳಿದ್ದರು ಅವಳಿಗೆ, ಅದು ಹೇಗೆ ಬರುತ್ತದೆ ಅಂತ.
ಅವನು ಇರಲಿ ಎನ್ನುತ್ತಿದ್ದ:
'ವೈರಸ್ಸಾದರೆ ಹೊರಗಿನ ಕಳ್ಳ.
ನಾನೇ ಅಂಗೈಯಲ್ಲಿ ಉಂಡೆ ಕಟ್ಟಿ ಇಟ್ಟುಕೊಂಡದ್ದಲ್ಲ.'

ಗುರುವಾರ ನೇರಳೆ ದೀಪದಡಿ ಜೆಲ್ ಇಟ್ಟೆ.
ಅಳತೆಯ ಏಣಿ ಮೆಟ್ಟಿಲು ಮೆಟ್ಟಿಲಾಗಿ ಹೊಳೆಯಿತು,
ಪಕ್ಕದ ಗೊತ್ತಿದ್ದ ಮಾದರಿಯಲ್ಲಿ ಒಂದು ಗೆರೆ.
ಅವನ ಸಾಲು
ಹೂಳು ತೆಗೆಯಲು ನೀರು ನಿಲ್ಲಿಸಿದ ಕಾಲುವೆ.
ಮತ್ತೊಮ್ಮೆ ಮಾಡಿದೆ. ಅದೇ.

ಇಲ್ಲ ಎಂದಾಗ ಸಿತ್ತನಾ ಅತ್ತಳು, ನಗುತ್ತ.
ಅವನು ಜೇಬಿನ ಚೀಲ ತೆಗೆದು ಮೇಜಿನ ಮೇಲಿಟ್ಟ,
ಮತ್ತೆ ಎತ್ತಿಕೊಂಡ, ಮತ್ತೆ ಇಟ್ಟ.
'ಮೂರನೆಯದು ಎಷ್ಟಾಯಿತು?' ಕೇಳಿದ.
ಆಗಿಲ್ಲ ಎಂದೆ.
'ನಾನು ಎಣಿಸುತ್ತೇನೆ. ಬರಿ.'

ನಲವತ್ತೇಳು ಎಂದ. ನನ್ನ ಲೆಕ್ಕ ನಲವತ್ತನಾಲ್ಕು.
ಸತ್ತ ಕವಲುಗಳನ್ನೂ ಸೇರಿಸಿದ್ದ.
ಪುಸ್ತಕ ತೆಗೆದು ನಿಯಮ ನೋಡಿದೆ,
ಅವನದೇ ಸರಿ:
ಬಾಯಿ ಬಿಡದ ಕವಲೂ ಎಣಿಕೆಗೆ ಬರುತ್ತದೆ.