ಹತ್ತೊಂಬತ್ತನೆಯದು

ಅರಗಿನ ಮೊಹರು ಒಡೆದು, ಬಿಳಿ ಬಟ್ಟೆ ಬಿಚ್ಚಿ
ಮೇಜಿನ ಮೇಲಿಟ್ಟರು: ಮುದ್ದೆಮಾಲು ನಂಬರ್ ನಾಲ್ಕು.
ಪಿಸ್ತೂಲು ಅಂಗೈಯಷ್ಟು.
ಹಿಡಿಯಿಂದ ಕೆಳಕ್ಕೆ ಇಳಿಬಿದ್ದ ಮ್ಯಾಗಜೀನು ಮಾತ್ರ
ಗೇಣುದ್ದ,
ಚಡ್ಡಿಯ ಕೆಳಗೆ ಜೋತ ಲಾಡಿಯ ಹಾಗೆ.

ಮೂವತ್ತು ಹಿಡಿಯುತ್ತದೆ ಅಂತ ಮಹಜರಿನಲ್ಲಿ ಬರೆದಿದೆ.
ಹಿಡಿಯುವುದು ಬೇರೆ, ಬಿಡುವುದು ಬೇರೆ.
ಇಪ್ಪತ್ತಾರು ವರ್ಷ ಶಿವಮೊಗ್ಗದ ಸಶಸ್ತ್ರ ಮೀಸಲು ಪಡೆಯಲ್ಲಿ
ಎಣ್ಣೆಬಟ್ಟೆ ಹಿಡಿದು ಕೂತ ನಾನು, ರೇವ್ಯಾ ನಾಯ್ಕ,
ಕಲಿತದ್ದು ಇಷ್ಟೇ.

ನಮ್ಮ ತಾಂಡಾದ ಕಡೆಯ ಕೊನೇ ಬಸ್ಸು ನೋಡಿದವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.
ಸ್ಟ್ಯಾಂಡಿನಲ್ಲಿ ಮೊದಲು ಹತ್ತಿದವಳು ಒಳಕ್ಕೆ, ಇನ್ನೂ ಒಳಕ್ಕೆ;
ಕಂಡಕ್ಟರು ಬೆನ್ನಿಗೆ ಕೈಕೊಟ್ಟು ನೂಕಿದ ಕೊನೆಯವನು
ಬಾಗಿಲಲ್ಲೇ.
ಆಯನೂರಲ್ಲಿ ಅವನೇ ಮೊದಲು ಧುಮುಕುತ್ತಾನೆ.
ಕುಂಸಿ ಬಂದಾಗ ಒಳಗಿದ್ದವಳು ಬುಟ್ಟಿ ತಲೆಗೇರಿಸಿ
ಬಂದೆ, ಬಂದೆ ಅನ್ನುವಷ್ಟರಲ್ಲಿ
ಬಾಗಿಲು ಮುಚ್ಚಿರುತ್ತದೆ.

ಸ್ಪ್ರಿಂಗೂ ಹಮಾಲನ ಹಾಗೆ.
ಹದಿನೈದು ಹೊರುವವನಿಗೆ ಮೂವತ್ತು ಹೊರಿಸಿ
ತಿಂಗಳುಗಟ್ಟಲೆ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂರಿಸಿ
ಒಂದು ದಿನ ಏಳು ಅಂದರೆ
ಏಳುತ್ತಾನೆ.
ಎಷ್ಟು ಬೇಗ ಅನ್ನುವುದೇ ಪ್ರಶ್ನೆ.

ಇದು ಇದ್ದದ್ದು ಕೋಳಿಗೂಡಿನ ತಳದಲ್ಲಿ,
ಗೊಬ್ಬರದ ಚೀಲ ಸುತ್ತಿಕೊಂಡು, ಎರಡು ಮಳೆಗಾಲ.
ತುಟಿಯಂಚಿಗೆ ತುಕ್ಕು. ಒಂದು ಪುಕ್ಕ.

ರೇಂಜಿನಲ್ಲಿ ಬೆಳಗಿನ ಏಳು ಗಂಟೆ.
ದಿಬ್ಬದಾಚೆ ದನ ಇಲ್ಲ ಅಂತ ಯಾರೋ ಕೂಗಿ ಹೇಳಿದರು.
ಪೇದೆ ದ್ಯಾವಮ್ಮ ಪ್ರತಿ ಗುಂಡಿಗೂ ಒಂದು ಗೆರೆ ಎಳೆದಳು.
ಒಂದು. ಎರಡು.
ಹನ್ನೊಂದಕ್ಕೆ ಅಂಗೈ ಬೆವರಿತು.
ಹದಿನೆಂಟು.
ಹತ್ತೊಂಬತ್ತನೆಯದು ಮೂತಿ ಮೇಲೆತ್ತಿ
ಅರ್ಧದಲ್ಲಿ ನಿಂತಿತು,
ಬಾಗಿಲಿಗೆ ಮೊಣಕೈ ಸಿಕ್ಕಿಸಿಕೊಂಡವಳ ಹಾಗೆ.
ಬಿಡಿಸಿದೆ. ಎರಡು ಹೋದವು. ಮತ್ತೆ ಸಿಕ್ಕಿತು. ಬಿಡಿಸಿದೆ.
ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಎಣ್ಣೆಬಟ್ಟೆ ಹುಡುಕಿ.
ಬೇಡ ಅಂದೆ ಕೈಗೆ.
ಮುದ್ದೆಮಾಲಿಗೆ ಎಣ್ಣೆ ಹಾಕುವ ಹಾಗಿಲ್ಲ.

ಕೋರ್ಟಿನಲ್ಲಿ ವಕೀಲ ಪದ್ಮಪ್ರಭಯ್ಯನವರು
ಕನ್ನಡಕ ಹಣೆಗೇರಿಸಿ ಕೇಳಿದರು:
ಅಂದರೆ ನಾಯ್ಕರೇ, ಇದನ್ನು ನಂಬುವ ಹಾಗಿಲ್ಲ?
ಇಲ್ಲ ಸ್ವಾಮಿ.
ನಿಮ್ಮ ಹುಡುಗರ ಕೈಗೆ ಕೊಡುತ್ತೀರಾ?
ಇಲ್ಲ ಸ್ವಾಮಿ.
ಹಾಗಾದರೆ ಇದು ಆಯುಧ ಅಲ್ಲ, ಜಾತ್ರೆ ಪೀಪಿ.

ಯಾರೋ ನಕ್ಕರು.
ಸ್ವಾಮಿ, ಸಿಕ್ಕಿಕೊಂಡದ್ದು ಹತ್ತೊಂಬತ್ತನೆಯದು, ಅಂದೆ.
ಮೊದಲ ಹದಿನೆಂಟು ಹೋದವು.

ಟೈಪಿಸ್ಟನ ಬೆರಳು ನಿಂತು, ಮತ್ತೆ ಶುರುವಾಯಿತು.
ನಾನು ದ್ಯಾವಮ್ಮನ ಹಾಳೆಯ ಗೆರೆಗಳನ್ನು ನೋಡುತ್ತಿದ್ದೆ.
ಹದಿನೆಂಟು.
ಬಸ್ಸಿನ ಎಡಬದಿಯ ಸೀಟು ಪೂರ್ತಿ ತುಂಬುತ್ತದೆ.

ಹೊರಗೆ ವರಾಂಡದಲ್ಲಿ ಆ ಹುಡುಗ,
ಮೀಸೆ ಈಗಷ್ಟೇ ಚಿಗುರಿದೆ,
ಬೇಡಿಯ ಕೈಯಲ್ಲೇ ಟೀ ಲೋಟ ಹಿಡಿದು ಕೂತಿದ್ದ.
ಸಾರ್, ಯಾಕ್ ಸಿಕ್ಕೊಳ್ತು?
ಹನ್ನೊಂದು ಸಾವಿರ ಕೊಟ್ಟಿದ್ದೆ.
ಮೂವತ್ತೂ ಗ್ಯಾರಂಟಿ ಅಂದಿದ್ದ.

ಹದಿನೇಳು ಬ್ಯಾಚಿಗೆ ಪಾಠ ಹೇಳಿದ ನಾಲಿಗೆ ಇದು.
ಯಾರಾದರೂ ಯಾಕೆ ಅಂದರೆ ಸಾಕು, ಎದ್ದು ನಿಲ್ಲುತ್ತದೆ.
ಎದ್ದಿತು.
ನೋಡಪ್ಪಾ, ಅಂತ ಅಂದೂಬಿಟ್ಟೆ.

ಉಳಿದದ್ದು ಗಂಟಲಲ್ಲಿ ಮೂತಿ ಎತ್ತಿ ನಿಂತಿತು.
ಹುಡುಗ ಕಾಯುತ್ತಿದ್ದ, ಟೀ ಆರುತ್ತಿತ್ತು.
ಇದೊಂದು ಸಲ
ಸಿಕ್ಕಿಕೊಂಡದ್ದನ್ನು ನಾನು ಬಿಡಿಸಲಿಲ್ಲ.